ಒಂದನೇ ಬದಿಯ ಶ್ರುತಿ

ಮೈಲ್ಸ್ ಡೇವಿಸ್ ಅವರ ಜಾಝ್ ಆಲ್ಬಂ ‘ಕೈಂಡ್ ಆಫ್ ಬ್ಲೂ’ 1959ರಲ್ಲಿ ಕೊಲಂಬಿಯಾ ಕಂಪನಿಯಿಂದ ಹೊರಬಂದಾಗ ಒಂದನೇ ಬದಿಯ ಮೂರೂ ರಚನೆಗಳ ಶ್ರುತಿ ಕೊಂಚ ಏರಿತ್ತು. ಮಾರ್ಚ್ 2ರಂದು ನ್ಯೂಯಾರ್ಕಿನ 30ನೇ ಬೀದಿಯ ಸ್ಟುಡಿಯೋದಲ್ಲಿ ಅವುಗಳ ಧ್ವನಿಮುದ್ರಣ ನಡೆದಾಗ ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಅದೇ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಸಂಗೀತ ಮೇಲಿನ ಶ್ರುತಿಯಲ್ಲಿ ಕೇಳುತ್ತದೆ. ರೆಕಾರ್ಡು ಹಾಕಿಕೊಂಡು ಜೊತೆಗೆ ನುಡಿಸಹೊರಟ ವಾದಕರಿಗೆ ಶ್ರುತಿ ಕೂಡಿಬರುತ್ತಿರಲಿಲ್ಲ. ಕೊನೆಗೆ 1992ರಲ್ಲಿ, ಅಂದು ಜೊತೆಯಲ್ಲೇ ಓಡಿದ್ದ ಎರಡನೇ ಯಂತ್ರದ ಟೇಪಿನ ನೆರವಿನಿಂದ ವೇಗವನ್ನು ಸರಿಪಡಿಸಿದರು.

ಹಾಗಾದರೆ ವೇಗ ಸರಿಪಡಿಸಿದ ಮರು ಅಚ್ಚೇ ಮೊದಲ ಅಚ್ಚಿಗಿಂತ ಮೇಲೆಂದು ತೀರ್ಪು ಕೊಡಬಹುದೇ? ಅಷ್ಟು ಸುಲಭವಿಲ್ಲ. ಒಂದನೇ ಬದಿಯ ‘ಸೋ ವಾಟ್’ನಲ್ಲಿ ಮೈಲ್ಸ್ ಅವರ ಸೋಲೋ ಶುರುವಾಗುವಾಗ ಡ್ರಮ್ ವಾದಕ ಜಿಮ್ಮಿ ಕಾಬ್ ಸಿಂಬಲ್ ಮೇಲೆ ಒಂದು ಏಟು ಕೊಡುತ್ತಾರೆ. ಚೆನ್ನಾಗಿ ಉಳಿದುಬಂದ ಮೊದಲ ಅಚ್ಚಿನಲ್ಲಿ ಆ ಕಂಚಿನ ನಾದ ಸ್ಟುಡಿಯೋದ ಎತ್ತರದ ಚಾವಣಿಯವರೆಗೂ ಹಬ್ಬಿದಂತೆ ಕೇಳುತ್ತದೆ. ಆಗ ಟೇಪು ಹೊಸದು. ಹಳತಾಗುತ್ತ, ಮತ್ತೆ ಮತ್ತೆ ಓಡುತ್ತ ಹೋದ ಟೇಪಿನಲ್ಲಿ ಮೊದಲು ಸವೆಯುವುದು ಇಂಥ ತಾರದ ಸ್ವರಗಳೇ. ಆದರೆ ಅದೇ ಕಾಲದ ಇನ್ನೊಂದು ಪ್ರತಿಯನ್ನು ಯಾರೋ ಭಾರದ ಮುಳ್ಳಿನಲ್ಲಿ ವರ್ಷಗಟ್ಟಲೆ ಉಜ್ಜಿದ್ದರೆ ಅದೇ ಏಟು ಹರಿದು ಚರಚರ ಎನ್ನುತ್ತದೆ. ಎಷ್ಟು ದುಡ್ಡು ಸುರಿದರೂ ಸವೆದ ಗೆರೆ ಮರಳಿ ಬಾರದು. ಒಳ್ಳೆಯ ಹೊಸ ತಟ್ಟೆಯ ನಿಶ್ಶಬ್ದದಲ್ಲಿ ಆ ನಾದದ ಕೊನೆಯ ಎಳೆಯೂ ಸಿಗುತ್ತದೆ.

ನಿಮಿಷಕ್ಕೆ 45 ಸುತ್ತಿನ ವೇಗದಲ್ಲಿ ಎರಡು ತಟ್ಟೆಗಳಿಗೆ ಹಂಚಿದ ಮರು ಅಚ್ಚುಗಳೂ ಇವೆ. ತಟ್ಟೆಯ ನಡುವಿಗೆ ಬಂದಂತೆ ಗೆರೆ ಮುಳ್ಳಿನಡಿ ಸಾಗುವ ವೇಗ ಇಳಿದು ಸ್ವರ ಒಡೆಯುತ್ತದಲ್ಲ, ಆ ತೊಂದರೆ ಇವುಗಳಲ್ಲಿ ಕಡಿಮೆ. ಆದರೆ ಒಂದೆರಡು ರಚನೆ ಮುಗಿಯುವಷ್ಟರಲ್ಲಿ ಎದ್ದು ಬದಿ ತಿರುಗಿಸಬೇಕು. ನನಗದು ಸೇರದು.

ಡಿಜಿಟಲ್ ವಿಷಯದಲ್ಲಿ ಜಗಳ ಜೋರು. ತನ್ನ ಹಲವು ಮರು ಅಚ್ಚುಗಳ ತಯಾರಿಯ ನಡುವೆ ಡಿಜಿಟಲ್ ಹಂತವೊಂದಿದೆ ಎಂದು ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ 2022ರಲ್ಲಿ ಒಪ್ಪಿಕೊಂಡಿತು. ಅಪ್ಪಟ ಅನಲಾಗ್ ಎಂದು ನಂಬಿ ಅವನ್ನು ಹೊಗಳಿದ್ದವರು ಬಹಳ ಮಂದಿ. ಅದನ್ನು ಮುಚ್ಚಿಟ್ಟದ್ದು ತಪ್ಪು, ಕೊಳ್ಳುವವರಿಗೆ ತಿಳಿಯಲೇಬೇಕಿತ್ತು. ಆದರೂ ಡಿಜಿಟಲ್ ಸೋಂಕಿದ ಕೂಡಲೇ ಸಂಗೀತ ಸತ್ತಿತು ಎನ್ನುವವರು ಆ ಹೊಗಳಿಕೆಗೂ ಉತ್ತರ ಕೊಡಬೇಕು.

ಮೊದಲ ಅಚ್ಚು, ಮರು ಅಚ್ಚು ಎರಡನ್ನೂ ಪಕ್ಕಪಕ್ಕದಲ್ಲಿ ಕೇಳುವವರು ಮೊದಲು ಸದ್ದಿನ ಮಟ್ಟ ಸಮ ಮಾಡಿಕೊಳ್ಳಿ. ಚೂರು ಜೋರಾಗಿರುವುದು ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. ಹಾಗೆ ಕೇಳಿದ ಮೇಲೆ ಒಂದನೇ ಬದಿಗೆ ನಾನು ಹೊಸದನ್ನೇ ಆರಿಸುತ್ತೇನೆ, ಏಕೆಂದರೆ ಶ್ರುತಿ ರುಚಿಯ ಮಾತಲ್ಲ, ಅಂದು ಆ ಕೋಣೆಯಲ್ಲಿ ನುಡಿದದ್ದು ಆ ಶ್ರುತಿಯೇ. ಎರಡನೇ ಬದಿ ಏಪ್ರಿಲ್ 22ರದು, ಅಲ್ಲಿ ವೇಗದ ದೋಷವಿಲ್ಲ. ಸವೆಯದ ಹಳೆಯ ಪ್ರತಿ ಸಿಕ್ಕರೆ ‘ಆಲ್ ಬ್ಲೂಸ್’ ಅನ್ನು ಅದರಲ್ಲೇ ಕೇಳುತ್ತೇನೆ.