ಉನ್ನತ ಶಿಕ್ಷಣದ ಅಂತಾರಾಷ್ಟ್ರೀಕರಣ ಮತ್ತು ಕರ್ನಾಟಕದ ಗ್ರಾಮೀಣ ವಿದ್ಯಾರ್ಥಿಗಳು

ವಿದ್ಯಾರ್ಥಿಗಳು, ಅಧ್ಯಾಪಕರು, ಪಠ್ಯಕ್ರಮಗಳು ಮತ್ತು ಇತ್ತೀಚೆಗೆ ವಿಶ್ವವಿದ್ಯಾಲಯಗಳೇ ದೇಶದ ಗಡಿ ದಾಟಿ ಕಾರ್ಯನಿರ್ವಹಿಸುವುದನ್ನು ಉನ್ನತ ಶಿಕ್ಷಣದ ಅಂತಾರಾಷ್ಟ್ರೀಕರಣ ಎನ್ನಲಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವಿದೇಶಿ ವಿಶ್ವವಿದ್ಯಾಲಯಗಳನ್ನು ಭಾರತಕ್ಕೆ ಆಹ್ವಾನಿಸುವ ಆಶಯ ವ್ಯಕ್ತಪಡಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2023ರ ನವೆಂಬರ್‌ನಲ್ಲಿ ಅದಕ್ಕೆ ನಿಯಮಾವಳಿ ಹೊರಡಿಸಿತು. ಬೆಂಗಳೂರಿನಲ್ಲಿ ಆವರಣ ತೆರೆಯಲು ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ 2025ರ ಮೇ ತಿಂಗಳಲ್ಲಿ ಆಶಯಪತ್ರ ದೊರೆಯಿತು. ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಂತಹ ಹೋಬಳಿಯ ವಿದ್ಯಾರ್ಥಿಗೆ ಇದರಿಂದ ದೊರೆಯುವುದೇನು ಎಂಬುದು ವಿಚಾರಯೋಗ್ಯ.

ಪ್ರಯೋಜನಗಳು

ವಿದೇಶಿ ವ್ಯಾಸಂಗದ ಫಲ ಗ್ರಾಮಾಂತರಕ್ಕೆ ತಲುಪಿದ ನಿದರ್ಶನ ನೆರೆಯಲ್ಲೇ ಇದೆ. ಮಧುಗಿರಿಗೆ ಹೊಂದಿಕೊಂಡ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು ಪ್ರೌಢಶಾಲೆಯಲ್ಲಿ ಓದಲು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದವರು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಮರಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ತಲೆಯೆತ್ತಿದ್ದೂ ಅವರ ಪರಿಶ್ರಮದಿಂದಲೇ. ಎಷ್ಟು ಮಂದಿ ವಿದೇಶಕ್ಕೆ ಹೋದರು ಎಂಬ ಲೆಕ್ಕಕ್ಕಿಂತ ಅವರ ವಿದ್ಯೆ ಎಲ್ಲಿ ಬಳಕೆಯಾಯಿತು ಎಂಬ ಲೆಕ್ಕವೇ ಹೆಚ್ಚು ಬೆಲೆಯುಳ್ಳದ್ದು.

ಶುಲ್ಕ ಮತ್ತು ಪ್ರವೇಶ

2023ರ ನಿಯಮಾವಳಿಯಂತೆ ಪ್ರವೇಶದ ಮಾನದಂಡ, ಶುಲ್ಕ ಮತ್ತು ಅಧ್ಯಾಪಕರ ವೇತನವನ್ನು ವಿದೇಶಿ ಸಂಸ್ಥೆಯೇ ನಿರ್ಧರಿಸುತ್ತದೆ. ಶುಲ್ಕ ಪಾರದರ್ಶಕವೂ ನ್ಯಾಯಯುತವೂ ಆಗಿರಬೇಕೆಂದಿದೆ. ಆದರೆ ಯಾರ ಆದಾಯಕ್ಕೆ ನ್ಯಾಯಯುತ? ವಿದ್ಯಾರ್ಥಿವೇತನ ಕೊಡಬಹುದು ಎಂದಿದೆಯೇ ಹೊರತು ಕೊಡಲೇಬೇಕೆಂದಿಲ್ಲ. ಲಿವರ್‌ಪೂಲ್ ಮೊದಲಿಗೆ ಪ್ರಕಟಿಸಿದ ವಿಷಯಗಳು ವ್ಯವಹಾರ ನಿರ್ವಹಣೆ, ಲೆಕ್ಕಶಾಸ್ತ್ರ ಮತ್ತು ಹಣಕಾಸು, ಗಣಕ ವಿಜ್ಞಾನ, ಜೀವವೈದ್ಯಕೀಯ ವಿಜ್ಞಾನ, ಆಟಗಳ ವಿನ್ಯಾಸ. ಇತಿಹಾಸ, ಸಾಹಿತ್ಯಗಳಿಗೆ ಅಲ್ಲಿ ಸ್ಥಾನವಿರಲಿಲ್ಲ. ಹೆಚ್ಚಿನ ವೇತನ ನೀಡಬಲ್ಲ ಇಂತಹ ಆವರಣಗಳು ಉತ್ತಮ ಅಧ್ಯಾಪಕರನ್ನು ಸೆಳೆದರೆ, ಅತಿಥಿ ಉಪನ್ಯಾಸಕರನ್ನೇ ನೆಚ್ಚಿರುವ ಸರ್ಕಾರಿ ಪದವಿ ಕಾಲೇಜುಗಳು ಮತ್ತಷ್ಟು ಸೊರಗುವ ಸಂಭವವಿದೆ.

ಅಪಾಯಗಳು

ದೇಶದೊಳಗಿನ ಖಾಸಗಿ ವೈದ್ಯಕೀಯ ಸೀಟಿನ ಶುಲ್ಕ ಭರಿಸಲಾಗದ ಅನೇಕರು ಉಕ್ರೇನಿನಂತಹ ದೇಶಗಳಿಗೆ ಹೋದರು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಹಾರ್ಕಿವ್ ನಗರದಲ್ಲಿ ದಾಳಿಗೆ ಬಲಿಯಾದರು. ಬದುಕಿ ಮರಳಿದವರ ಓದು ಅರ್ಧಕ್ಕೆ ನಿಂತಿತು. ಇಡೀ ವ್ಯಾಸಂಗ ಒಂದೇ ವಿದೇಶಿ ಸಂಸ್ಥೆಯಲ್ಲಿ ನಡೆಯಬೇಕೆಂಬ 2021ರ ನಿಯಮ ಅವರಿಗೆ ತೊಡಕಾಯಿತು.

ಸರ್ಕಾರದ ನೆರವು

ವಿದೇಶ ವ್ಯಾಸಂಗಕ್ಕಾಗಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳಿಗೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯಿದೆ. ವಿದೇಶಕ್ಕೆ ಹೋಗುವವರಿಗೆಂದು ರೂಪಿಸಿದ ಇಂತಹ ನೆರವು, ಬೆಂಗಳೂರಿಗೇ ಬಂದ ವಿದೇಶಿ ಆವರಣದಲ್ಲಿ ಓದುವವರಿಗೂ ದೊರೆಯುವಂತೆ ನಿಯಮಗಳಲ್ಲಿ ಸ್ಪಷ್ಟಪಡಿಸುವುದು ಅಗತ್ಯ.