ಪೂರ್ತಿ ನೋಡಿ, ಆಮೇಲೆ ಜಗಳ

ಆಟ ನೋಡಲು ಹೋದವರಿಗೆ ಧರ್ಮಬೋಧೆ ಎದುರಾದರೆ ಕಸಿವಿಸಿ ಆಗುವುದುಂಟು. ನಾಟಕವೆಂದು ಟಿಕೆಟ್ ಹರಿದು ಮತಪ್ರಚಾರ ನಡೆಸಿದರೆ ಆ ಸಿಟ್ಟು ನ್ಯಾಯವೇ. ಆದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಸೀಮೆಗೆ ರಂಗದ ಮೇಲಿನ ದೇವರು ಹೊಸಬನಲ್ಲ. ಗಣಪತಿ ಸ್ತುತಿಯಿಲ್ಲದೆ ಇಲ್ಲಿ ದೊಡ್ಡಾಟ ಶುರುವಾಗದು. ಇದೇ ತಾಲ್ಲೂಕಿನ ಶಿಶುವಿನಹಾಳದ ಷರೀಫರು (1819–1889) ಮೊಹರಂ ಹೆಜ್ಜೆ ಕುಣಿತಕ್ಕೆ ರಿವಾಯತ ಪದ ಕಟ್ಟಿದರು. ಕಥೆ ಕರ್ಬಲಾದ್ದು, ಭಾಷೆ ನಮ್ಮ ಓಣಿಯದು. ಕಟ್ಟಿದವರು ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯರು. ಕಾಲಿಗೆ ಗೆಜ್ಜೆ ಕಟ್ಟಿ ಸುತ್ತುಗಟ್ಟಿ ಕುಣಿಯುವವರಲ್ಲಿ ಹಿಂದೂಗಳೂ ಉಂಟು. ಇದು ಯಾರ ಹಾಡು ಎಂದು ಕೇಳಿ ಎದ್ದು ಹೋದವರನ್ನು ನಾವಂತೂ ಕಂಡಿಲ್ಲ.

ನೆರೆಯ ಹಾನಗಲ್ಲಿನಿಂದ ದೂರವೇನೂ ಇಲ್ಲದ ಆನವಟ್ಟಿಯಲ್ಲಿ 2022ರ ಜುಲೈನಲ್ಲಿ ಆದದ್ದೇ ಬೇರೆ. ಜಯಂತ ಕಾಯ್ಕಿಣಿ ರೂಪಾಂತರಿಸಿದ ‘ಜೊತೆಗಿರುವನು ಚಂದಿರ’ ನಾಟಕ ಅರ್ಧಕ್ಕೇ ನಿಂತಿತು. ರಷ್ಯಾದ ಯಹೂದಿ ಮನೆಯ ‘ಫಿಡ್ಲರ್ ಆನ್ ದಿ ರೂಫ್’ ಕಥೆ ಕನ್ನಡದಲ್ಲಿ ಮುಸ್ಲಿಂ ಮನೆಯದಾಗಿತ್ತು. ಕೆಲವರು ಅದನ್ನು ಸಹಿಸಲಿಲ್ಲ. ಪೂರ್ತಿ ನೋಡಿ ಬೈದಿದ್ದರೆ ವಿಮರ್ಶೆ ಎನ್ನಬಹುದಿತ್ತು. ನಡುವೆ ನಿಲ್ಲಿಸಿದ್ದು ದಬ್ಬಾಳಿಕೆ. ಅದಕ್ಕೆ ಯಾವ ಧರ್ಮದ ಹೆಸರೂ ಸಮರ್ಥನೆಯಾಗದು.

ಇಂಥ ದಬ್ಬಾಳಿಕೆಗೆ ಉತ್ತರ ಕೊಡಲು ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೇ ಇದೆ. ರಿವಾಯತ ಹಾಡುವ ಹೆಜ್ಜೆಮೇಳಗಳನ್ನು ಅದು ತನ್ನ ಆವರಣಕ್ಕಷ್ಟೇ ಕರೆಸದೆ, ಸುತ್ತಲಿನ ಊರುಗಳ ಜಾತ್ರೆಯ ವೇದಿಕೆಗೂ ಕಳಿಸಲಿ.