ಟ್ರಂಕಿಗೆ ದುಡ್ಡಿದೆ, ಬಸ್ಸಿಗಿಲ್ಲ



ಜೂನ್ ಮೊದಲ ವಾರ ನಮ್ಮ ರಾಮಮೂರ್ತಿ ನಗರದಲ್ಲಿ ಮನೆಮನೆಗೂ ಒಂದು ಕರಪತ್ರ ಬಂತು. ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಗಳಿಂದ ಆರೇಳು ವರ್ಷದ ಮಕ್ಕಳನ್ನು ಕರೆತಂದು ಬೆಂಗಳೂರಿನ ವಸತಿ ಶಾಲೆಯಲ್ಲಿ ಓದಿಸುತ್ತಾರಂತೆ. ಒಂದು ಮಗುವಿನ ವರ್ಷದ ಖರ್ಚನ್ನು ಒಂದು ಮನೆಯವರು ವಹಿಸಿಕೊಳ್ಳಬೇಕಂತೆ. ಶುಲ್ಕ, ಊಟ, ಎರಡು ಜೊತೆ ಸಮವಸ್ತ್ರ, ಶೂ, ಟ್ರಂಕು, ಹಾಸಿಗೆ, ಟ್ಯಾಬ್ ಎಲ್ಲಕ್ಕೂ ಲೆಕ್ಕ ಬರೆದಿದ್ದರು. ಕರಪತ್ರ ತಂದ ಹುಡುಗ ಒಳ್ಳೆಯವನು, ಶನಿವಾರದ ರಜೆ ಬಿಟ್ಟು ಬಿಸಿಲಲ್ಲಿ ಮೂರು ಮಹಡಿ ಹತ್ತಿ ಬಂದಿದ್ದ. ನೀರು ಕೊಟ್ಟು ಕೇಳಿದೆ: "ಈ ಮಕ್ಕಳು ವರ್ಷಕ್ಕೆ ಎಷ್ಟು ಸಲ ಮನೆಗೆ ಹೋಗ್ತಾರಪ್ಪ?"

"ಬೇಸಿಗೆ ರಜೆಗೆ ಒಂದ್ಸಲ, ಅಂಕಲ್. ಜಾಸ್ತಿ ಕಳಿಸಿದ್ರೆ ವಾಪಸ್ ಬರಲ್ಲ."

ನನ್ನ ತಕರಾರು ಈ ಮಾತಿನ ಮೇಲೆ.

ನಾನು ಹನ್ನೊಂದು ವರ್ಷ ಅದೇ ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಗಿರಿಜನ ಆಶ್ರಮ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು (ಆಮೇಲೆ ಅವಕ್ಕೆ ವಾಲ್ಮೀಕಿ ಆಶ್ರಮ ಶಾಲೆ ಎಂದು ಹೆಸರಾಯಿತು). ನಿವೃತ್ತನಾದ ಮೇಲೆ ಇಲ್ಲಿ ಮಗಳ ಮನೆಯಲ್ಲಿದ್ದೇನೆ. ವಸತಿ ಶಾಲೆಯೇ ಬೇಡ ಎಂದು ನಾನು ಹೇಳುವುದಿಲ್ಲ. ನವೆಂಬರ್ ಕಳೆಯುತ್ತಲೇ ಹಾಡಿಯ ಜನ ಕಾಫಿ ಕುಯ್ಲಿಗೆಂದು ಕೊಡಗಿನ ತೋಟಗಳಿಗೆ ಹೋಗುತ್ತಾರೆ, ಮಕ್ಕಳೂ ಬೆನ್ನ ಹಿಂದೆಯೇ. ಲೈನ್‌ಮನೆಯಲ್ಲಿದ್ದು ಫೆಬ್ರುವರಿಗೆ ತಿರುಗಿ ಬಂದ ಮಗುವಿಗೆ ಕಾಗುಣಿತವೂ ಮರೆತಿರುತ್ತದೆ. ಆನೆ ಓಡಾಡುವ ದಾರಿಯಲ್ಲಿ ದಿನಾ ಮೂರು ಕಿಲೋಮೀಟರ್ ನಡೆದು ಬಾ ಎನ್ನಲೂ ಆಗದು. ಹಾಸ್ಟೆಲ್ ಬೇಕೇ ಬೇಕು. ನಾನೂ ಹಾಸ್ಟೆಲ್ ಅನ್ನ ಉಂಡೇ ಓದಿದವನು. ಆದರೆ ನಮಗೆ ಗೌರಿ ಹಬ್ಬಕ್ಕೆ ರಜೆ ಇತ್ತು, ದಸರೆಗೆ ರಜೆ ಇತ್ತು. ಅಪ್ಪ ಸಂತೆಗೆ ಬಂದವರು ಹಾಗೇ ಹಾಸ್ಟೆಲಿಗೂ ಬಂದು ಕಡಲೆಪುರಿ ಕೊಟ್ಟು ಹೋಗುತ್ತಿದ್ದರು. ಅಷ್ಟಿಲ್ಲದಿದ್ದರೆ ನಾನೂ ಓಡಿಹೋಗುತ್ತಿದ್ದೆ.

ಓಡಿಹೋದವರನ್ನು ನೋಡಿದ್ದೇನೆ. ನಾಲ್ಕನೇ ತರಗತಿಯ ಹುಡುಗ, ಜೇನುಕುರುಬರವನು. ಆಗಸ್ಟ್ ತಿಂಗಳ ಮಳೆ. ಬೆಳಗ್ಗೆ ಪ್ರಾರ್ಥನೆಗೆ ಆಳಿಲ್ಲ. ಮಂಚದ ಕೆಳಗೆ ಶೂ ಜೋಡಿಸಿಟ್ಟಿದ್ದ, ಒಳಗೆ ಸಾಕ್ಸ್ ಮಡಿಸಿ ತುರುಕಿದ್ದ. ಸಮವಸ್ತ್ರ ಟ್ರಂಕಿನ ಮೇಲಿತ್ತು. ಜೂನ್‌ನಲ್ಲಿ ತೊಟ್ಟು ಬಂದಿದ್ದ ಗುಂಡಿ ಕಿತ್ತ ಅಂಗಿಯಲ್ಲೇ ಹೊರಟಿದ್ದ. ಮಧ್ಯಾಹ್ನದ ಹೊತ್ತಿಗೆ ಕೋಟೆ ಬಳಿಯ ಹ್ಯಾಂಡ್‌ಪೋಸ್ಟ್‌ನಲ್ಲಿ ಒಬ್ಬ ಬಸ್ ಕಂಡಕ್ಟರು ಅವನನ್ನು ಹಿಡಿದು ಕೂರಿಸಿಕೊಂಡಿದ್ದರು. "ಶೂ ಯಾಕೋ ಬಿಟ್ಟು ಬಂದೆ?" ಎಂದೆ. "ಅದು ಇಸ್ಕೂಲಿಂದು ಸಾ" ಎಂದ.

ಜೂನ್‌ನಿಂದ ಅವನನ್ನು ನೋಡಲು ಯಾರೂ ಬಂದಿರಲಿಲ್ಲ. ಬರಬೇಕಾದರೆ ಅವನಪ್ಪ ಒಂದು ದಿನದ ಕೂಲಿ ಬಿಟ್ಟು, ಟಾರು ರಸ್ತೆಯವರೆಗೆ ನಡೆದು, ಎರಡು ಬಸ್ ಹಿಡಿಯಬೇಕಿತ್ತು. ಅದೂ ಎರಡನೇ ಭಾನುವಾರವೇ ಆಗಬೇಕು, ಬೇರೆ ದಿನ ಬಂದರೆ ಗೇಟಿನಿಂದಲೇ ವಾಪಸ್. ಆ ನಿಯಮ ಮಾಡಿದವರಲ್ಲಿ ನಾನೂ ಒಬ್ಬ.

ರಜೆಗೆ ಹೋದ ಮಕ್ಕಳು ಬರುವುದಿಲ್ಲ ಎಂಬುದು ಪೂರ್ತಿ ಸುಳ್ಳೇನಲ್ಲ. ಜೀಪು ಮಾಡಿಕೊಂಡು ಹಾಡಿಹಾಡಿ ತಿರುಗಿ ಕರೆದು ತಂದಿದ್ದೇವೆ. ಆದರೆ ಪ್ರತಿ ಸಲವೂ ಕಂಡದ್ದು ಒಂದೇ: ಅಪ್ಪ ಅಮ್ಮ ತೋಟದ ಕೆಲಸಕ್ಕೆ ಹೋಗಿದ್ದಾರೆ, ಮನೆಯಲ್ಲಿ ಅಜ್ಜಿ ಒಬ್ಬಳೇ, ಕಳಿಸಿಕೊಡುವವರೂ ಇಲ್ಲ, ಬಸ್ಸಿಗೆ ಕಾಸೂ ಇಲ್ಲ. ಜೀಪಿನ ಸದ್ದು ಕೇಳಿದರೆ ಅಜ್ಜಿಯರು ಮಕ್ಕಳನ್ನು ಒಳಗೆ ಕಳಿಸುವುದೂ ಉಂಟು. ಅದಕ್ಕೂ ಕಾರಣವಿದೆ. ನಾಗರಹೊಳೆ, ಬಂಡೀಪುರ ಸುತ್ತಿನ ಕಾಡುಗಳಿಂದ ಎಬ್ಬಿಸಿದ ಆದಿವಾಸಿ ಕುಟುಂಬಗಳನ್ನು ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ಎಣಿಸಿತು: 3,418. ಜೀಪಿನಲ್ಲಿ ಬಂದವರು ಏನಾದರೊಂದನ್ನು ಕಿತ್ತುಕೊಂಡೇ ಹೋಗುತ್ತಾರೆ ಎಂದು ಆ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೋಟೆ ತಾಲ್ಲೂಕಿನೊಳಗೇ ಇಷ್ಟು ಕಷ್ಟವಿದ್ದರೆ ಬೆಂಗಳೂರಿನ ಮಾತೇನು? ಟಿನ್ ಫ್ಯಾಕ್ಟರಿಯಲ್ಲಿ ಬಸ್ ಹಿಡಿದು ಸ್ಯಾಟಲೈಟ್ ನಿಲ್ದಾಣ, ಅಲ್ಲಿಂದ ಮೈಸೂರು, ಮೈಸೂರಿನಿಂದ ಕೋಟೆ, ಆಮೇಲೆ ಹಾಡಿ: ಹೋಗಲು ಒಂದು ದಿನ, ಬರಲು ಒಂದು ದಿನ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ತಾಯಂದಿರಿಗೆ ಟಿಕೆಟ್ ಇಲ್ಲ, ನಿಜ. ಈ ಸರ್ಕಾರ ವಸತಿ ಶಾಲೆಗಳಿಗೆಂದು ಮಾಡಿದ ಯಾವ ಉಪಕಾರಕ್ಕಿಂತಲೂ ಇದು ದೊಡ್ಡದು ಎಂದೇ ನನ್ನ ಅನಿಸಿಕೆ, ಮಾಡಿದವರಿಗೆ ಅದು ಹೊಳೆದಿರಲಿಕ್ಕಿಲ್ಲ. ಆದರೆ ಕೂಲಿ ಹೋದ ಎರಡು ದಿನಕ್ಕೆ ಶಕ್ತಿ ಯೋಜನೆಯಲ್ಲಿ ಉತ್ತರವಿಲ್ಲ. ಅಪ್ಪಂದಿರಿಗಂತೂ ಏನೂ ಇಲ್ಲ.

ಶಾಲೆಯನ್ನೇ ಮಕ್ಕಳ ಬಳಿಗೆ ಒಯ್ದವರು ನಮ್ಮಲ್ಲೇ ಇದ್ದಾರೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದಾಗ ಸೋಲಿಗರ ಮಕ್ಕಳನ್ನು ಪಟ್ಟಣಕ್ಕೆ ಇಳಿಸಲಿಲ್ಲ, ಬೆಟ್ಟದಲ್ಲೇ ಶಾಲೆ ತೆರೆದರು. ಕೋಟೆ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುತ್ತಿರುವುದೂ ಅಂಥದೇ ಶಾಲೆ. ಕೇಂದ್ರ ಸರ್ಕಾರದ ಏಕಲವ್ಯ ಮಾದರಿ ವಸತಿ ಶಾಲೆಗಳೂ ಇವೆ, ಆದರೆ ಅವು ಆರರಿಂದ ಹನ್ನೆರಡನೇ ತರಗತಿಯವರಿಗೆ, ಆರೇಳು ವರ್ಷದ ಮಕ್ಕಳಿಗಲ್ಲ.

ಮಕ್ಕಳನ್ನು ದೂರ ಒಯ್ಯುವುದಕ್ಕೆ ಹೊರದೇಶದ ಉದಾಹರಣೆಯೂ ಇದೆ. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಓದು, ಸಂಸ್ಕಾರ ಎಂಬ ನೆಪದಲ್ಲಿ ಹೆತ್ತವರಿಂದ ಬಿಡಿಸಿ ಒಯ್ದಿದ್ದರು. ಅದಕ್ಕಾಗಿ ಪ್ರಧಾನಿ ಕೆವಿನ್ ರಡ್ 2008ರ ಫೆಬ್ರುವರಿ 13ರಂದು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅಲ್ಲಿನ ದೂರದ ಊರುಗಳ ಮೂಲನಿವಾಸಿ ಮಕ್ಕಳು ಈಗಲೂ ವಸತಿ ಶಾಲೆಗೆ ಹೋಗುತ್ತಾರೆ, ಸರ್ಕಾರ 'ಆಬ್‌ಸ್ಟಡಿ' ಎಂಬ ನೆರವು ಕೊಡುತ್ತದೆ. ಆ ನೆರವಿನಲ್ಲಿ ಮನೆಗೂ ಶಾಲೆಗೂ ಓಡಾಡುವ ಖರ್ಚಿಗೆಂದೇ ಬೇರೆ ಭತ್ಯೆ ಇದೆ. ನಮ್ಮ ಕರಪತ್ರದಲ್ಲಿ ಟ್ಯಾಬಿಗೆ ಒಂದು ಸಾಲು ಇತ್ತು, ಬಸ್ಸಿಗೆ ಇರಲಿಲ್ಲ.

2011ರ ಜನಗಣತಿಯಂತೆ ರಾಜ್ಯದಲ್ಲಿ ಜೇನುಕುರುಬರು 36,076, ಕೊರಗರು 14,794. ಕೇಂದ್ರವೇ ವಿಶೇಷವಾಗಿ ದುರ್ಬಲ ಎಂದು ಗುರುತಿಸಿದ ನಮ್ಮ ಎರಡು ಬುಡಕಟ್ಟುಗಳು ಇವು. ಇವರ ಮಕ್ಕಳಲ್ಲಿ ವಸತಿ ಶಾಲೆಯಲ್ಲಿರುವ ಅಷ್ಟೂ ಮಂದಿಗೆ ತಿಂಗಳಿಗೊಮ್ಮೆ ಊರಿಗೆ ಹೋಗಿಬರುವ ಖರ್ಚು, ನೋಡಲು ಬರುವ ಅಪ್ಪ ಅಮ್ಮನಿಗೆ ಒಂದು ದಿನದ ಕೂಲಿ ಕೊಟ್ಟರೆ ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಯ ಖಜಾನೆ ಬರಿದಾಗದು. ಎರಡನೇ ಭಾನುವಾರದಂಥ ನಿಯಮವಿದ್ದ ಕಡೆ ಅದನ್ನು ತೆಗೆದುಹಾಕಲಿ. ಸೋಲಿಗರ ಪೋಡುಗಳಲ್ಲಿ ರೊಟ್ಟಿಹಬ್ಬ ಬಂದಾಗ ಆ ಮಕ್ಕಳಿಗೆ ರಜೆ ಕೊಡಲಿ, ನಮ್ಮ ಹಬ್ಬಕ್ಕೆ ಯಾರನ್ನೂ ಕೇಳದೆ ಕೊಟ್ಟುಕೊಳ್ಳುವುದಿಲ್ಲವೇ? ಅಡುಗೆಗೆ, ರಾತ್ರಿ ಜೊತೆಗಿರಲು ಅದೇ ಹಾಡಿಯ ಹೆಂಗಸರನ್ನು ನೇಮಿಸಲಿ. ಮೊದಲ ವಾರ ನಡುರಾತ್ರಿ ಅಳುವ ಮಗು ಏನೆನ್ನುತ್ತಿದೆ ಎಂದು ಹನ್ನೊಂದು ವರ್ಷವಾದರೂ ನನಗೆ ಪೂರ್ತಿ ತಿಳಿಯುತ್ತಿರಲಿಲ್ಲ.

ಕರಪತ್ರ ಹಂಚಿದವರಿಗೆ ನನ್ನ ಮಾತು ಇಷ್ಟೇ: ಆರು ವರ್ಷದ ಮಗುವನ್ನು ಇನ್ನೂರು ಕಿಲೋಮೀಟರ್ ದೂರ ತರುವುದನ್ನು ದಯವಿಟ್ಟು ಬಿಡಿ. ಹತ್ತನೇ ತರಗತಿ ಮುಗಿಸಿ ತಾವಾಗಿ ಬೆಂಗಳೂರಿಗೆ ಬರುವವರಿಗೆ ಹಾಸ್ಟೆಲ್ ಸೀಟು ಹುಡುಕಿಕೊಡಿ, ಬಾಡಿಗೆಗೆ ನೆರವಾಗಿ. ಕರಪತ್ರ ತಂದ ಆ ಹುಡುಗ ಮತ್ತೆ ನಮ್ಮ ಬಾಗಿಲಿಗೆ ಬಂದರೆ ನಾನೂ ನನ್ನ ಪಿಂಚಣಿಯಲ್ಲಿ ಕೈಲಾದಷ್ಟು ಕೊಡುತ್ತೇನೆ. ರಸೀದಿಯಲ್ಲಿ 'ಬಸ್ ಚಾರ್ಜಿಗೆ' ಎಂದು ಬರೆದುಕೊಡಲಿ.

— ನಿವೃತ್ತ ಶಿಕ್ಷಕ,
ರಾಮಮೂರ್ತಿ ನಗರ, ಬೆಂಗಳೂರು